ಆಕಾಶ ನೋಡುವ ಪೂಜೆ

ಕಾಸಾರಶಿರಸಿಯ ಮಠದ ಓಣಿಯಲ್ಲಿ ಜಗದೇವಿಯ ಲಿಂಗಪೂಜೆ ಎಂದರೆ ದೊಡ್ಡ ಹೆಸರು. ಉಳಿದವರೆಲ್ಲ ಎಡಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು, ತಲೆ ಬಾಗಿಸಿ, ಅದರಲ್ಲೇ ದೃಷ್ಟಿ ನೆಟ್ಟು ಕೂಡುತ್ತಾರಲ್ಲ, ಈಕೆ ಮಾತ್ರ ಕೈಯನ್ನು ಮೊಳದುದ್ದ ಮುಂದಕ್ಕೆ ಚಾಚಿ, ಕತ್ತು ಹಿಂದಕ್ಕೆ ಚೆಲ್ಲಿ, ಮುಖವನ್ನು ಜಂತಿಗೆ ಒಡ್ಡಿ ಕೂಡುತ್ತಿದ್ದಳು. ಕಣ್ಣು ಅರೆಮುಚ್ಚಿರುತ್ತಿತ್ತು. ನೋಡಿದವರು ಕೈಮುಗಿಯುತ್ತಿದ್ದರು. ಆಕೆಗೆ ಮೇಲೆ ಏನೋ ಕಾಣಿಸುತ್ತದೆ ಅಂತ ಓಣಿಯ ಹೆಂಗಸರೆಲ್ಲ ನಂಬಿಬಿಟ್ಟಿದ್ದರು. ನಾಲ್ಕೈದು ಮಂದಿ ತಾವೂ ಹಾಗೇ ಕೂಡಲು ಹೋಗಿ, ಕುತ್ತಿಗೆ ಹಿಡಿದುಕೊಂಡು, ವಾರಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡದ್ದೂ ಉಂಟು.

ನಿಜ ಹೇಳಬೇಕೆಂದರೆ ಆಕೆಗೆ ಮೇಲೆ ಕಾಣಿಸುತ್ತಿದ್ದದ್ದು ಎರಡು ಜಂತಿ, ಒಂದು ಹಲ್ಲಿ. ಈ ಮಾತನ್ನು ಆಕೆ ನಲವತ್ತೊಂದು ವರ್ಷದಲ್ಲಿ ಒಬ್ಬರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಗಂಡ ಮರುಳಸಿದ್ಧಯ್ಯನ ಮುಂದೆಯಂತೂ ಇಲ್ಲವೇ ಇಲ್ಲ. ಅವರು ಸುತ್ತಲ ಹಳ್ಳಿಯ ಒಕ್ಕಲು ಮನೆಗಳಿಗೆಲ್ಲ ಅಯ್ಯನವರು. ಹೊಸ ಮನೆ ಹೊಕ್ಕರೆ, ತೊಟ್ಟಿಲಿಗೆ ಕೂಸು ಹಾಕಿದರೆ, ಮಕ್ಕಳಿಗೆ ಲಿಂಗ ಕಟ್ಟಿದರೆ ಅವರೇ ಬರಬೇಕು. ಅಂಥವರ ಹೆಂಡತಿ ತಾನು ಲಿಂಗವನ್ನು ನೋಡಲು ಹೆದರುತ್ತೇನೆ ಎಂದರೆ ಹೇಗಾದೀತು?

ಈಗ ಲಿಂಗ ಕಟ್ಟಿಸಿಕೊಳ್ಳುವ ಸರದಿ ಮೊಮ್ಮಗಳು ರೂಪಾಲಿಯದು. ಒಂಬತ್ತು ವರ್ಷದ ಹುಡುಗಿ. ಶಿವರಾತ್ರಿಯಿಂದ ದಿನ ಎಣಿಸುತ್ತಿದ್ದಳು. ಲಿಂಗ ಸುತ್ತುವ ರೇಷ್ಮೆ ವಸ್ತ್ರಕ್ಕೆ ತಾನೇ ಸೂಜಿ ಹಿಡಿದು ಅಂಚು ಹೊಲಿದಿದ್ದಳು, ಶಿವದಾರದ ಬಣ್ಣ ಮೂರು ಸಲ ಬದಲಿಸಿದ್ದಳು. ಅಂತೂ ವೈಶಾಖದ ಒಂದು ಸೋಮವಾರ ಗೊತ್ತಾಯಿತು. ಮಠದ ಸ್ವಾಮಿಗಳ ಅಪ್ಪಣೆ ಪಡೆದು ಮುತ್ಯಾ, ಅಂದರೆ ಅಜ್ಜ ಮರುಳಸಿದ್ಧಯ್ಯನವರೇ, ದೀಕ್ಷೆ ಕೊಡುವುದೆಂದಾಯಿತು.

ಅದಕ್ಕೆ ಐದು ದಿನ ಮೊದಲು, ಬುಧವಾರ ಮಧ್ಯಾಹ್ನ, ಹುಡುಗಿಯ ಮೂಗಿನಿಂದ ರಕ್ತ ಬಂತು.

ಅದೇನೂ ಹೊಸದಲ್ಲ. ಬಿಸಿಲು ಏರಿದರೆ ಈ ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಮೂಗು ಒಡೆಯುತ್ತಿತ್ತು. ಮಕ್ಕಳಿಗೆಲ್ಲ ಜಗದೇವಿ ಕಲಿಸಿದ್ದು ಒಂದೇ ಪಾಠ: ಎದೆಯ ಮೇಲೆ ಲಿಂಗ ಇರುತ್ತದೆ, ಅದರ ಮೇಲೆ ಹನಿ ಬೀಳಬಾರದು, ತಲೆ ಮೇಲೆತ್ತು. ಇನ್ನೂ ಲಿಂಗ ಕಟ್ಟದ ರೂಪಾಲಿಯೂ ಅದನ್ನೇ ಮಾಡುತ್ತಿದ್ದಳು. ಅಂದೂ ಗೋಡೆಗೆ ಒರಗಿ, ಮುಖ ಮೇಲೆತ್ತಿ, ಗಂಟಲಿಗಿಳಿದದ್ದನ್ನು ಗುಟುಕು ಗುಟುಕಾಗಿ ನುಂಗಿದಳು. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಬಂದವಳು ಗಳಗಳನೆ ವಾಂತಿ ಮಾಡಿಕೊಂಡಳು. ನೋಡಿದರೆ ಕಪ್ಪು ಕಪ್ಪು ರಕ್ತ.

ಸೊಸೆ ಸಾರಿಕಾ ಕೈಯಲ್ಲಿದ್ದ ಮೊರ ಬಿಟ್ಟು ಓಡಿ ಬಂದು ಮಗಳನ್ನು ಹಿಡಿದುಕೊಂಡಳು. ಪಕ್ಕದ ಒಕ್ಕಲು ಮನೆಯ ಪ್ರಯಾಗಬಾಯಿ ಉಳ್ಳಾಗಡ್ಡಿ ಜಜ್ಜಿ ತಂದು ಹುಡುಗಿಯ ಮೂಗಿಗೆ ಹಿಡಿದಳು, ನೆತ್ತಿಗೆ ಒಂದು ಕೊಡ ತಣ್ಣೀರು ಸುರಿದಳು. ಮೂಗಿನ ಘೋಳಣಾ ಒಡೆದಿದೆ ಅಷ್ಟೇ, ಬೇಸಗೆಯಲ್ಲಿ ಯಾರ ಮೂಗು ಒಡೆಯುವುದಿಲ್ಲ ಅಂತ ಧೈರ್ಯ ಹೇಳಿದವಳು, ವಾಂತಿಯ ಕಡೆ ಕಣ್ಣು ಹೋದದ್ದೇ ಉಳ್ಳಾಗಡ್ಡಿ ಕೆಳಗಿಟ್ಟಳು. ಹೊಟ್ಟೆಯೊಳಗಿಂದ ಬಂದ ರಕ್ತಕ್ಕೆ ಅವಳ ಬಳಿ ಉಳ್ಳಾಗಡ್ಡಿ ಇರಲಿಲ್ಲ.

ಸಿಕ್ಕ ಬಸ್ಸು ಹತ್ತಿ ಅತ್ತೆ ಸೊಸೆ ಇಬ್ಬರೂ ಹುಡುಗಿಯನ್ನು ಉಮರ್ಗಾಕ್ಕೆ ಕರೆದೊಯ್ದರು. ಮಗ ಸಿದ್ಧೇಶ್ವರ ಅಲ್ಲೇ ಶಾಲೆಯಲ್ಲಿ ಮಾಸ್ತರ. ಪಾಠ ಬಿಟ್ಟು ಓಡಿ ಬಂದ. ಕಿವಿ ಮೂಗು ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿನೊಳಗೆ ಬೆಳಕು ಬಿಟ್ಟು ನೋಡಿದಳು, ಹೊಟ್ಟೆ ಅದುಮಿದಳು, ಆಮೇಲೆ ಸಾರಿಕಾಳ ಭುಜ ಮುಟ್ಟಿ, "ಘಾಬರೂ ನಕಾ", ಹೆದರಬೇಡಿ, ಎಂದಳು. ಹೊಟ್ಟೆಯಲ್ಲಿ ಏನೂ ಇಲ್ಲ. ಮೂಗಿನ ರಕ್ತವನ್ನೇ ನುಂಗಿ ನುಂಗಿ, ಹೊಟ್ಟೆಗೆ ಒಗ್ಗದೆ ಹೊರಗೆ ಬಂದಿದೆ. ಹೀಗೆ ತಲೆ ಮೇಲೆತ್ತಲು ಯಾರು ಹೇಳಿಕೊಟ್ಟರು ಅಂತ ಕೇಳಿದಳು. ರೂಪಾಲಿ ಅಭಿಮಾನದಿಂದಲೇ ಬೆರಳು ತೋರಿಸಿದಳು.

ಜಗದೇವಿಗೆ ಆ ಬೆರಳು ಎದೆಗೆ ಬಂದು ತಾಕಿತು. ಡಾಕ್ಟರು ಬಯ್ಯಲಿಲ್ಲ, ಪುಣ್ಯಾತ್ಗಿತ್ತಿ. ತನ್ನ ಮೂಗನ್ನೇ ಹಿಡಿದು ತೋರಿಸಿದಳು. ನೆಟ್ಟಗೆ ಕೂಡಬೇಕು, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಮೂಗಿನ ಗಟ್ಟಿ ಎಲುಬನ್ನಲ್ಲ, ಅದರ ಕೆಳಗಿನ ಮೆತ್ತನೆ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಬೇಕು. ಬಾಯಿಂದ ಉಸಿರಾಡಬೇಕು, ಬಾಯಿಗೆ ಬಂದದ್ದನ್ನು ಉಗುಳಬೇಕು. ಹತ್ತು ನಿಮಿಷ ಪೂರ್ತಿ. ನಿಂತಿತೋ ಇಲ್ಲವೋ ಅಂತ ನಡುವೆ ಬಿಟ್ಟು ಇಣುಕಿದರೆ ಮೊದಲಿನಿಂದ ಶುರು. ಅರ್ಧ ತಾಸಾದರೂ ನಿಲ್ಲದಿದ್ದರೆ, ಇಲ್ಲವೇ ಬಿದ್ದು ಪೆಟ್ಟಾಗಿ ಬಂದಿದ್ದರೆ ತಡ ಮಾಡದೆ ಕರೆತರಬೇಕು. ಇದನ್ನೆಲ್ಲ ಆಕೆ ಮೂಗು ಹಿಡಿದುಕೊಂಡೇ ಗೊಣಗೊಣ ಹೇಳಿದ್ದರಿಂದ ರೂಪಾಲಿ ಬಿದ್ದು ಬಿದ್ದು ನಕ್ಕಳು.

ಜಗದೇವಿ ನಗಲಿಲ್ಲ. ಆಕೆ ನೋಡುತ್ತಿದ್ದದ್ದು ಡಾಕ್ಟರು ಕೂತ ಭಂಗಿಯನ್ನು. ನೆಟ್ಟಗಿನ ಬೆನ್ನು, ಬಾಗಿದ ತಲೆ, ತೊಡೆಯ ಮೇಲೆ ಖಾಲಿ ಎಡಗೈ. ಆ ಅಂಗೈಯಲ್ಲಿ ಲಿಂಗವೊಂದು ಇರಲಿಲ್ಲ, ಅಷ್ಟೇ.

ಮರಳುವ ಬಸ್ಸಿನಲ್ಲಿ ಹುಡುಗಿ ಅಜ್ಜಿಯ, ತನ್ನ ಆಯಿಯ, ತೊಡೆ ಮೇಲೆ ನಿದ್ದೆಹೋದಳು. ಕಿಟಕಿಯಾಚೆ ಹೊಲಗಳು ಬಿಸಿಲಿನಲ್ಲಿ ಕರಗಿ ನೀರಾಡಿದಂತೆ ಕಾಣುತ್ತಿದ್ದವು. ಜಗದೇವಿಗೂ ಕಣ್ಣು ಎಳೆಯಿತು. ಬಸ್ಸು ತೂಗಿದಂತೆಲ್ಲ ಆಕೆ ಹಿಂದೆ ಹಿಂದೆ ಸರಿದು, ಹದಿನೆಂಟರ ಮದುಮಗಳಾಗಿ, ಅದೇ ಮನೆಯ ದೇವರ ಕೋಣೆಯಲ್ಲಿ ಹೋಗಿ ಕೂತಳು.

ತವರೂರು ಮುರುಮದಿಂದ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಇಂಥದೇ ವೈಶಾಖ. ಅತ್ತೆ ಬಾವಿಗೆ ಹೋಗಿದ್ದರು, ಮನೆಯಲ್ಲಿ ಯಾರ ಸುಳಿವೂ ಇರಲಿಲ್ಲ. ಬಾಗಿ ಲಿಂಗ ನೋಡುತ್ತಿದ್ದಾಗ ಮೂಗಿನ ತುದಿ ಬೆಚ್ಚಗಾಯಿತು. ಒಂದು ಹನಿ ಲಿಂಗದ ಮೇಲೆ ಬಿತ್ತು. ಕಪ್ಪಿನ ಮೇಲೆ ಕೆಂಪು ಕಾಣಿಸಲಿಲ್ಲ. ಲಿಂಗ ಮಿರುಗಿತು, ಅಷ್ಟೇ. ಇನ್ನೊಂದು ಹನಿ ಬಿತ್ತು. ಹುಡುಗಿ ಹೆದರಿ, ಲಿಂಗವನ್ನು ಮಣೆಯ ಮೇಲಿಟ್ಟು, ವಸ್ತ್ರ ಮುಚ್ಚಿ, ಮುಖ ಮೇಲೆತ್ತಿಕೊಂಡು ಹಿತ್ತಲಿಗೆ ಓಡಿದಳು. ಲಿಂಗ ಮೈಮೇಲಿಲ್ಲದೆ ಹೊಸ್ತಿಲು ದಾಟಿದ್ದು ಜನ್ಮದಲ್ಲಿ ಅದೇ ಮೊದಲು. ರಕ್ತ ನಿಂತು ಮರಳಿ ಬಂದು ನೋಡುತ್ತಾಳೆ, ಲಿಂಗದ ಮೇಲೆ ಕಲೆಯಿಲ್ಲ, ವಸ್ತ್ರದ ಮೇಲೆ ಕಲೆಯಿಲ್ಲ. ಮೂರು ಬೆರಳ ವಿಭೂತಿ, ಮೇಲೊಂದು ದುಂಡುಮಲ್ಲಿಗೆ. ಕೋಣೆಯ ಕದ ತಾನು ಹಾಕಿದ ಹಾಗೇ ಹಾಕಿತ್ತು.

ಅದು ಕುಡಿದಿದೆ ಎಂದುಕೊಂಡಳು. ಬೇರೆ ಏನಂತ ತಿಳಿದಾಳು? ತನ್ನ ರಕ್ತ ಕುಡಿದು, ತಾನೇ ಹೂ ಮುಡಿದು ಕೂತಿದೆ. ಅಪ್ಪಿಕೊಂಡಿತೋ ಬಿಟ್ಟುಬಿಟ್ಟಿತೋ ಗೊತ್ತಾಗಲಿಲ್ಲ. ಅಂದಿನಿಂದ ಅದರ ಮುಖ ನೋಡಲು ಆಕೆಗೆ ಧೈರ್ಯವಾಗಲಿಲ್ಲ. ನೀರೆರೆಯುವಾಗ, ವಿಭೂತಿ ಹಚ್ಚುವಾಗ ಬೆರಳೇ ದಾರಿ ಹುಡುಕುತ್ತಿತ್ತು, ಕಣ್ಣು ಜಂತಿಯಲ್ಲಿರುತ್ತಿತ್ತು. ಕನಸಿನಲ್ಲಿ ಮಾತ್ರ ಎಷ್ಟೋ ಸಲ ಅದು ಎಳೆಗರುವಿನ ಕಣ್ಣಿನ ಹಾಗೆ ಅಂಗೈಯಿಂದ ಆಕೆಯನ್ನು ನೋಡುತ್ತಿತ್ತು, ಆಕೆ ಎಚ್ಚರಾಗಿ ಎದೆ ಮುಟ್ಟಿಕೊಂಡು ಅಳುತ್ತಿದ್ದಳು. ಪ್ರೀತಿಯಿತ್ತು. ಅಷ್ಟೇ ಭಯವೂ ಇತ್ತು.

ಊರು ಬಂತು. ಕಂಡಕ್ಟರ್ ಕೂಗಿದ. ಎಚ್ಚರಾದ ಜಗದೇವಿ ಮೊದಲು ಮಾಡಿದ್ದು ಹುಡುಗಿಯ ಮೂಗು ನೋಡಿದ್ದು.

ಮರುದಿನದಿಂದ ಮನೆಯ ರೀತಿಯೇ ಬದಲಾಯಿತು. ಡಾಕ್ಟರು ಕೊಟ್ಟ ಮುಲಾಮನ್ನು ಬೆಳಿಗ್ಗೆ, ಮಲಗುವಾಗ ಹುಡುಗಿಯ ಮೂಗಿನ ಹೊಳ್ಳೆಯೊಳಗೆ ತೆಳ್ಳಗೆ ಸವರುವ ಕೆಲಸ ಸಾರಿಕಾಳದು. ಬೆರಳು ಹಾಕಿ ಕೆರೆದುಕೊಳ್ಳುವ ಚಾಳಿ ರೂಪಾಲಿಗೆ ಚೆನ್ನಾಗಿಯೇ ಇತ್ತಾದ್ದರಿಂದ ಉಗುರುಗಳು ಬುಡದವರೆಗೆ ಕತ್ತರಿಸಲ್ಪಟ್ಟವು. ಕಿಟಕಿಗೆ ಜಗದೇವಿಯ ಹಳೇ ಇಳಕಲ್ ಸೀರೆ ಒದ್ದೆಯಾಗಿ ಇಳಿಬಿತ್ತು. ಒಣಗಿದಂತೆಲ್ಲ ನೀರು ಚಿಮುಕಿಸಬೇಕು. ತಾಸಿಗೊಂದು ಲೋಟ ನೀರು, ಬೇಕೆಂದರೂ ಬೇಡವೆಂದರೂ. ಇನ್ನೊಂದು ಸಂಗತಿ ಯಾರಿಗೂ ಹೊಳೆದಿರಲಿಲ್ಲ, ಜಗದೇವಿಗೇ ಹೊಳೆಯಿತು. ಅಯ್ಯನವರ ಮನೆಯಲ್ಲವೇ, ಊರಿಗೆಲ್ಲ ಹಂಚುವ ವಿಭೂತಿಯನ್ನು ಕುಟ್ಟಿ ಜರಡಿ ಹಿಡಿಯುತ್ತಿದ್ದದ್ದು ಹುಡುಗಿ ಮಲಗುವ ಪಡಸಾಲೆಯಲ್ಲೇ. ಬೇಸಗೆಯ ಒಣಗಾಳಿಗೆ ಬೂದಿಯ ಧೂಳೂ ಸೇರಿದರೆ ಮೂಗಿನೊಳಗೆ ಪಸೆ ಎಲ್ಲಿ ಉಳಿಯಬೇಕು? ಒರಳು, ಜರಡಿ ಎರಡೂ ಹಿತ್ತಲಿಗೆ ಹೋದವು. ಮರುಳಸಿದ್ಧಯ್ಯನವರೂ ಅವುಗಳ ಹಿಂದೆಯೇ ಹಿತ್ತಲಿನ ನೆರಳಿಗೆ ಹೋಗಿ ಕೂತರು.

ಇಷ್ಟೆಲ್ಲ ಆದರೂ ಶನಿವಾರ ಸಂಜೆ ಮೂಗು ಮತ್ತೆ ಒಡೆಯಿತು. ಮೂಗಿನ ಗಾಯ ಮಾಯಲು ದಿನ ಹಿಡಿಯುತ್ತದೆ ಅಂತ ಡಾಕ್ಟರು ಹೇಳಿಯೇ ಇದ್ದಳು. ಹೆಚ್ಚೇನೂ ಇಲ್ಲ, ಸಣ್ಣ ಎಳೆ. ಜಗದೇವಿ ಓಡಿ ಬಂದು ತಲೆ ಬಾಗಿಸು ಎಂದಳು. ಹುಡುಗಿ ಅವಳನ್ನೇ ದಿಟ್ಟಿಸುತ್ತ ತಲೆ ಮೇಲೆತ್ತಿದಳು.

"ಬಾಗು ನನ್ನವ್ವ. ಡಾಕ್ಟರ್ ಬಾಯಿ ಏನಂದಾಳ, ಮರ್ತಿಯೇನು?"

"ಬಾಗಿದ್ರ ಹನಿ ಬೀಳ್ತದ. ಬಿದ್ರ ಲಿಂಗ ನನ್ನ ಬಿಟ್ಟು ಹೋಗ್ತದ. ಅದಕ್ಕೇ ಅಲ್ಲೇನು ಆಯಿ, ನೀನೂ ಬಾಗಂಗಿಲ್ಲ?"

ಲಿಂಗ ಬಿಟ್ಟು ಹೋಗುತ್ತದೆ ಎಂಬ ಮಾತನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಎದುರಿಗೆ ಕೂತು ಆಯಿಯ ಮುಖ ನೋಡಿ ನೋಡಿ ತಾನೇ ತಿಳಿದುಕೊಂಡಿತ್ತು. ಓಣಿಯ ಹೆಂಗಸರಿಗೆಲ್ಲ ಭಕ್ತಿಯಾಗಿ ಕಂಡದ್ದು ಒಂಬತ್ತು ವರ್ಷದ ಕಣ್ಣಿಗೆ ಭಯವಾಗಿ ಕಂಡಿತ್ತು. ಸಾರಿಕಾ ಬಂದು, ಬಲವಂತದಿಂದ ಬಾಗಿಸಿ, ಮೂಗು ಹಿಡಿದು ಕೂರಿಸಿದಳು. ರಕ್ತ ನಿಂತಿತು. ಆದರೆ ಹುಡುಗಿ ಬಿಕ್ಕುತ್ತ ಹೇಳಿದ್ದು ಒಂದೇ: "ನಂಗ ಲಿಂಗ ಬ್ಯಾಡ. ಬಂದು ಹೋಗೂದಕ್ಕಿಂತ ಬರೂದೇ ಬ್ಯಾಡ."

ಜಗದೇವಿಗೆ ಆ ರಾತ್ರಿಯ ಊಟ ಸೇರಲಿಲ್ಲ. ತನ್ನ ಹೆದರಿಕೆ ತನ್ನ ಜತೆಗೇ ಮಣ್ಣಾಗುತ್ತದೆ ಅಂತ ತಿಳಿದಿದ್ದಳು. ಅದು ಸದ್ದಿಲ್ಲದೆ ಹೋಗಿ ಮೊಮ್ಮಗಳ ಕೊರಳಲ್ಲಿ ಕೂತಿತ್ತು. ಸೋಮವಾರ ಆ ಮಗು ತಲೆಯೆತ್ತಿಕೊಂಡೇ ಲಿಂಗ ಹಿಡಿದರೆ, ಇನ್ನು ಬದುಕೆಲ್ಲ ಹಾಗೇ ಹಿಡಿಯುತ್ತದೆ. ಅದನ್ನು ತಾನು ನೋಡಲಾರೆ ಅನ್ನಿಸಿತು.

ಭಾನುವಾರ ಹೊತ್ತು ಮುಳುಗುವಾಗ ಮರುಳಸಿದ್ಧಯ್ಯ ಕಟ್ಟೆಯ ಮೇಲೆ ಕೂತು ಹೊಸ ಲಿಂಗವನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಜಗದೇವಿ ಬಂದು ಕೂತಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಮುರುಮದಿಂದ ಶುರು ಮಾಡಿದಳು. ಹನಿ ಬಿದ್ದದ್ದು, ಬಿಟ್ಟು ಓಡಿದ್ದು, ಅದು ಕುಡಿದು ಹೂ ಮುಡಿದದ್ದು, ಎಲ್ಲ ಹೇಳಿದಳು. ಗಂಡ ಒರೆಸುವುದನ್ನು ನಿಲ್ಲಿಸಿದರು.

"ಅದು ಕುಡೀಲಿಲ್ಲ," ಎಂದರು. "ನಾನೇ ತೊಳದೀನಿ."

ಅಂದು ಅವರು ಯಾರದೋ ಮನೆಗೆ ಹೊರಟಿದ್ದರು; ಮರೆತ ಜೋಳಿಗೆಗಾಗಿ ದೇವರ ಕೋಣೆಗೆ ಮರಳಿ ಬಂದಿದ್ದರು. ಮಣೆ ಮೇಲೆ ಕಲೆಯಾದ ವಸ್ತ್ರ ಕಂಡಿತು, ಹಿತ್ತಲಲ್ಲಿ ಮುಖ ಮೇಲೆತ್ತಿ ನಿಂತ ಹೊಸ ಹೆಂಡತಿ ಕಂಡಳು. ಲಿಂಗ ತೊಳೆದು, ವಿಭೂತಿ ಹಚ್ಚಿ, ತಮ್ಮ ಹೂಬುಟ್ಟಿಯದೊಂದು ಮಲ್ಲಿಗೆ ಇಟ್ಟರು. ಅಂಥದೇ ತಮ್ಮ ಹೊಸ ವಸ್ತ್ರ ಹೊದಿಸಿ, ಕಲೆಯಾದದ್ದನ್ನು ಜೋಳಿಗೆಗೆ ಹಾಕಿಕೊಂಡು, ಕದ ಮೊದಲಿನಂತೆ ಎಳೆದು ಹೋದರು. ದಾರಿಯ ಹಳ್ಳದಲ್ಲಿ ಒಗೆದು ಒಣಗಿಸಿದರಂತೆ. ಹುಡುಗಿ ನಾಚಿಕೊಂಡಾಳು ಅಂತ ಹೇಳಲಿಲ್ಲ. ಆಮೇಲೆ ಮರೆತೂಬಿಟ್ಟರು.

ಜಗದೇವಿಗೆ ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವ ಸಿಟ್ಟು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಅಂತ ಊರೂರಿನ ಕಟ್ಟೆ ಮೇಲೆ ಕೂತು ಹೇಳುವ ಮನುಷ್ಯ, ಮನೆಯಲ್ಲಿ ಒಂದು ಮಾತು ಆಡಬಾರದಿತ್ತೇ? ನಲವತ್ತೊಂದು ವರ್ಷ ತನ್ನ ಕುತ್ತಿಗೆ ನೋಯಿಸಿಕೊಂಡಳಲ್ಲ. ಅದನ್ನೇ ಕೇಳಿಯೂ ಬಿಟ್ಟಳು.

ಮರುಳಸಿದ್ಧಯ್ಯ ತಲೆ ತಗ್ಗಿಸಿದರು. "ನಿನಗ ಮ್ಯಾಲ ಏನೋ ಕಾಣ್ತದ ಅಂತ ನಾನೂ ತಿಳದಿದ್ದೆ. ಇಷ್ಟು ಪೂಜಿ ಮಾಡಿ ನನಗ್ಯಾಕ ಕಾಣವಲ್ದು ಅಂತ ಹೊಟ್ಟಿಕಿಚ್ಚೂ ಪಟ್ಟೀನಿ."

"ಹಲ್ಲಿ ಕಾಣ್ತದ್ರಿ," ಎಂದಳು ಜಗದೇವಿ.

ಇಬ್ಬರೂ ನಕ್ಕರು. ನಗುತ್ತ ನಗುತ್ತ ಆಕೆಗೆ ಅಳು ಬಂತು. ತನ್ನ ರಕ್ತ ಕುಡಿದ ದೇವರು ಇಲ್ಲವಾಯಿತಲ್ಲ ಅಂತ ಒಂದಿಷ್ಟು ಸಂಕಟವೂ ಆಯಿತು; ಅಷ್ಟು ವರ್ಷ ಅದರ ಜತೆ ಬಾಳಿದ್ದಳು. ಹೂ ಇಟ್ಟದ್ದು ಈ ಮುದುಕನ ಕೈ. ಆ ಕೈ ಈಗ ಮೊಮ್ಮಗಳ ಲಿಂಗವನ್ನು ಒರೆಸುತ್ತಿತ್ತು. ಹೊತ್ತು ಮುಳುಗಿ, ಬೇವಿನ ಮರ ಕಪ್ಪಾಗಿ, ಸಾರಿಕಾ ದೀಪ ಹಚ್ಚುವವರೆಗೂ ಆಕೆ ಆ ಕೈಯನ್ನೇ ನೋಡುತ್ತ ಕೂತಳು.

ಸೋಮವಾರ ಬೆಳಿಗ್ಗೆ ಪಡಸಾಲೆ ತುಂಬಿತ್ತು. ಮಿಂದು ಬಿಳಿ ಬಟ್ಟೆ ಉಟ್ಟ ರೂಪಾಲಿಯನ್ನು ಮಣೆ ಮೇಲೆ ಕೂರಿಸಿದರು. ಅಪ್ಪ ಹೇಳಿದ, ಅವ್ವ ಬೇಡಿದಳು, ಅಂತ ಬಂದು ಕೂತಿದ್ದಳೇ ಹೊರತು ಮುಖದಲ್ಲಿ ಕಳೆಯಿರಲಿಲ್ಲ. ಮುತ್ಯಾ ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ದೃಷ್ಟಿ ಇಡು ಎಂದರು. ಹುಡುಗಿ ಕೈಯನ್ನು ಮೊಳದುದ್ದ ಚಾಚಿ, ಕತ್ತು ಹಿಂದಕ್ಕೆ ಚೆಲ್ಲಿ, ಜಂತಿ ನೋಡಿದಳು.

ಥೇಟ್ ಆಯಿ, ಎಂದು ಯಾರೋ ಮೆಚ್ಚಿಕೊಂಡರು. ಪ್ರಯಾಗಬಾಯಿ ಕೈಮುಗಿದಳು.

ಜಗದೇವಿ ಎದ್ದಳು. ಮೊಮ್ಮಗಳ ಎದುರಿಗೆ ಬಂದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಕೊರಳಿನಿಂದ ತನ್ನ ಲಿಂಗ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. ಕಣ್ಣು ತಾನಾಗಿ ಜಂತಿಯ ಕಡೆ ಹೋಯಿತು. ತೊಳೆದದ್ದು ಯಾರೆಂದು ಗೊತ್ತಾದ ಮಾತ್ರಕ್ಕೆ ಹಳೇ ಹೆದರಿಕೆ ಒಂದೇ ರಾತ್ರಿಯಲ್ಲಿ ಹೋಗುತ್ತದೆಯೇ? ಆದರೂ ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಆಕೆ ಕತ್ತು ಬಾಗಿಸಿದಳು. ಬಾಗಿಸಿದಳು, ಬಾಗಿಸಿದಳು, ಉಸಿರು ಲಿಂಗಕ್ಕೆ ತಾಕುವಷ್ಟು ಬಾಗಿಸಿದಳು.

"ನನ್ನದರ ಮ್ಯಾಲೂ ಬಿದ್ದಿತ್ತು," ಎಂದಳು, ಎಲ್ಲರಿಗೂ ಕೇಳುವಂತೆ. "ಎರಡು ಹನಿ. ನಲವತ್ತೊಂದು ವರ್ಷಾತು. ನಿಮ್ಮ ಮುತ್ಯಾ ತೊಳದಾರ. ಇದು ಇಲ್ಲೇ ಅದ ನೋಡು."

ಪ್ರಯಾಗಬಾಯಿಯ ಮುಗಿದ ಕೈ ಮುಗಿದಂತೆಯೇ ನಿಂತಿತು. ಯಾರಿಗೆ ಮುಗಿದದ್ದೆಂದು ಅವಳಿಗೇ ಮರೆತಿತ್ತು. ರೂಪಾಲಿಯ ಗದ್ದ ಬೆರಳಷ್ಟು ಇಳಿಯಿತು. ಆಯಿಯ ಅಂಗೈಯನ್ನು ನೋಡಿದಳು, ಮುತ್ಯಾನ ಮುಖ ನೋಡಿದಳು. ಅವರು ಹೌದೆಂದು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, ತುಂಬ ಮೆಲ್ಲಗೆ, ತನ್ನ ಲಿಂಗದ ಮೇಲೆ ಬಾಗಿದಳು.

ಆ ಮೂಗಿಗೂ ಅದೇ ಹೊತ್ತು ಬೇಕಾಗಿತ್ತೋ ಏನೋ. ಒಂದು ಹನಿ ಜಾರಿತು. ಹೊಸ ಲಿಂಗದ ನೆತ್ತಿಯ ಮೇಲೆ ಬಿದ್ದು ಮಿರುಗಿತು.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿಯ ಕುತ್ತಿಗೆ ಸೆಟೆಯಿತು, ಮೇಲೇಳಲು ಹವಣಿಸಿತು. ಜಗದೇವಿ ಮುಟ್ಟಲಿಲ್ಲ, ತನ್ನ ತಲೆಯನ್ನೂ ಎತ್ತಲಿಲ್ಲ. ಬಾಗಿಕೊಂಡೇ ನಮಃ ಶಿವಾಯ ಎಣಿಸತೊಡಗಿದಳು. ಎರಡು ಸಲ ನೂರಾಎಂಟು ಎಣಿಸಿದರೆ ಡಾಕ್ಟರ ಹತ್ತು ನಿಮಿಷ ಆಗುತ್ತದೆಂದು ಹಿಂದಿನ ದಿನವೇ ಮಗನ ಮೊಬೈಲು ಇಟ್ಟು ಲೆಕ್ಕ ಹಾಕಿದ್ದಳು. ಹತ್ತನೆಯದಕ್ಕೆ ಹುಡುಗಿಯ ಬಲಗೈ ಎದ್ದಿತು. ಎರಡು ಬೆರಳು ಮೂಗಿನ ಮೆತ್ತನೆ ಜಾಗ ಹುಡುಕಿ ಒತ್ತಿ ಹಿಡಿದವು. ಮುತ್ಯಾ ಗಿಂಡಿ ಎತ್ತಿ ಲಿಂಗದ ಮೇಲೆ ಸಣ್ಣಗೆ ನೀರು ಬಿಟ್ಟರು, ಮಂತ್ರದ ನಡುವೆ ಎಲ್ಲೂ ತಡೆಯಲಿಲ್ಲ. ಹನಿ ನೀರಿನಲ್ಲಿ ಕರಗಿ ಕೆಳಗಿನ ತಟ್ಟೆಗೆ ಇಳಿಯಿತು.

ಎಣಿಕೆ ನಡೆಯಿತು. ಒಬ್ಬೊಬ್ಬರಾಗಿ ಹೆಂಗಸರೂ ದನಿ ಸೇರಿಸಿದರು. ಒದ್ದೆ ಸೀರೆಯಿಂದ ಸೋಸಿ ಬರುವ ಗಾಳಿ ತಂಪಾಗಿತ್ತು. ಆ ತಂಪಿನಲ್ಲಿ, ಆ ಗುಂಯ್ ಎನ್ನುವ ದನಿಯಲ್ಲಿ, ಜಗದೇವಿಗೆ ತಾನು ಹದಿನೆಂಟರವಳೋ ಅರವತ್ತರ ಹತ್ತಿರದವಳೋ ತಿಳಿಯದಾಯಿತು. ಕಣ್ಣ ಮುಂದೆ ಲಿಂಗವಿತ್ತು. ಅದು ಕರುವಿನ ಕಣ್ಣಾಗಿರಲಿಲ್ಲ. ಒಂದು ಬದಿಗೆ ಸಣ್ಣ ಮುಕ್ಕು ಬಿದ್ದಿತ್ತು. ಅದು ಯಾವಾಗ ಬಿತ್ತೋ, ಇಷ್ಟು ವರ್ಷ ಎದೆಗೆ ಕಟ್ಟಿಕೊಂಡು ತಿರುಗಿದವಳಿಗೆ ಗೊತ್ತೇ ಇರಲಿಲ್ಲ. ಪಾಪ ಅನ್ನಿಸಿ ಹೆಬ್ಬೆರಳಿನಿಂದ ಅದನ್ನು ಸವರಿದಳು.

ಎರಡನೆಯ ನೂರಾಎಂಟು ಮುಗಿಯಿತು. ರೂಪಾಲಿ ಬೆರಳು ಬಿಟ್ಟಳು. ಏನೂ ಬೀಳಲಿಲ್ಲ.

ಹುಡುಗಿ ತಲೆಯೆತ್ತಲಿಲ್ಲ. ಬಾಗಿಕೊಂಡೇ, ಮೂಗು ಕಟ್ಟಿದ ದನಿಯಲ್ಲಿ ಕೇಳಿದಳು: "ಆಯಿ, ಹೋಯ್ತೇನು?"

"ಎಲ್ಲಿಗಿ ಹೋಗ್ತದ? ನಿನ್ನ ಕೈಯಾಗೇ ಅದ."

ರೂಪಾಲಿ ನೋಡಿದಳು. ಎದುರಿಗೆ ಆಯಿ ತನ್ನದನ್ನು ನೋಡುತ್ತಿದ್ದಳು. ಇಬ್ಬರೂ ಹಾಗೇ ಬಹಳ ಹೊತ್ತು ಕೂತಿದ್ದರು, ಸಾರಿಕಾ ಬಂದು ಊಟಕ್ಕೆ ಎಲೆ ಹಾಕಿದೆ ಎನ್ನುವವರೆಗೆ.